ಕೆಸರಿನ ಮೆಟ್ಟಿಲ ಮೇಲೆ ಚಿಪ್ಪಿನ ಸಂಸಾರ

ಸಂಕ್ರಾಂತಿ ಮುಗಿದ ಮೇಲೆ ಅಕ್ಕನ ಮನೆಗೆ ಹೋಗಿ ಹತ್ತು ದಿನ ಕೂತು ಬಂದೆ. ಆದ್ದರಿಂದ ಹೋದ ಸಂಚಿಕೆಯಲ್ಲಿ ಮಾತು ಕೊಟ್ಟಿದ್ದ ಮಾವಿನ ಮಿಡಿಯ ವಿಚಾರ ಈ ಸಲ ಇಲ್ಲ, ಮುಂದಿನ ಸಲ ಖಂಡಿತ. ಸಿಟ್ಟು ಮಾಡಿಕೊಳ್ಳಬೇಡಿ. ಅಲ್ಲಿ ಕಂಡದ್ದನ್ನು ನಿಮಗೆ ಹೇಳದೆ ಇದ್ದರೆ ನನಗೆ ಊಟ ಸೇರೋ ಹಾಗಿಲ್ಲ.

ಮೀನು ಮುಟ್ಟದ ಮನೆಯ ಸೋದರಿಯರು ಪುಟ ಮಗುಚಬೇಡಿ. ಇದರಲ್ಲಿ ಅಡುಗೆ ಬರೋದು ಕೊನೆಗೆ, ಅದೂ ನಾಲ್ಕೇ ಸಾಲು.

ಅಕ್ಕನ ಮನೆ ಕುಮಟಾ ತಾಲ್ಲೂಕಿನಲ್ಲಿ, ಅಘನಾಶಿನಿ ಹೊಳೆ ಸಮುದ್ರ ಸೇರುವ ಅಳಿವೆಯ ದಂಡೆಗೆ. ಮನೆ ಹಿಂದೆ ತೆಂಗಿನ ತೋಟ, ತೋಟದಾಚೆ ಗಜನಿ ಗದ್ದೆ, ಗದ್ದೆಯಾಚೆ ಕಾಂಡ್ಲಾ ಗಿಡಗಳ ಒಂದು ಪಟ್ಟಿ, ಅದರಾಚೆ ಬರೀ ಕೆಸರು, ಆಮೇಲೆ ನೀರು. ಘಟ್ಟದ ಮೇಲಿನವರಿಗೆ ಗಜನಿ ಅಂದರೆ ಗೊತ್ತಾಗಲಿಕ್ಕಿಲ್ಲ. ಉಪ್ಪುನೀರು ಹೊಕ್ಕು ಹೊರಡುವ ಗದ್ದೆ ಅದು. ಉಪ್ಪಿಗೆ ಹೆದರದ ಕಗ್ಗ ಅನ್ನೋ ಭತ್ತ ಅಲ್ಲಿ ಬೆಳೀತಿದ್ದರು, ಈಗ ಬೆಳೆಯುವವರು ಕಡಿಮೆ. ಕಾಂಡ್ಲಾ ಅಂದರೆ ಉಪ್ಪುನೀರಿನಲ್ಲೇ ಬದುಕುವ ಮರ. ಕೆಲವಕ್ಕೆ ಕೊಡೆಯ ಕಡ್ಡಿಯ ಹಾಗೆ ಸುತ್ತ ಇಳಿದ ಬೇರು, ಕೆಲವಕ್ಕೆ ಕೆಸರಿನಿಂದ ಮೇಲಕ್ಕೆ ಚುಚ್ಚಿಕೊಂಡು ನಿಂತ ಬೆರಳಿನಂಥ ಬೇರು. ಉಸಿರಾಡೋಕೆ ಅಂತ ಹೊರಗೆ ಬಂದದ್ದು ಅವು. ಇವುಗಳಲ್ಲಿ ಒಂದು ಜಾತಿಗೆ ವಿಜ್ಞಾನಿಗಳು ಇಟ್ಟ ಹೆಸರೇ ಕಾಂಡೇಲಿಯಾ. ನಮ್ಮ ಕರಾವಳಿಯ ಮಾತು ಲ್ಯಾಟಿನ್ನಿಗೂ ಹೋಗಿ ಕೂತಿದೆ ನೋಡಿ!

ನಾನು ಹೋದ ಎರಡನೇ ದಿನವೇ ಮನೆಯಲ್ಲಿ ಮಾತು ಬಿಸಿಯಾಗಿತ್ತು. ಒಬ್ಬ ದಲಾಲಿ ಬಂದು ಭಾವನ ತಲೆಯಲ್ಲಿ ಹುಳ ಬಿಟ್ಟು ಹೋಗಿದ್ದ. ಗಜನಿಯ ಅಂಚಿಗೆ ಗಟ್ಟಿ ಒಡ್ಡು ಹಾಕಿ, ಕಾಂಡ್ಲಾ ಕಡಿದು, ಮಣ್ಣು ತುಂಬಿಸಿದರೆ ಜಾಗಕ್ಕೆ ಬೆಲೆ ಬರುತ್ತದಂತೆ. ಭಾವ ಕೆಟ್ಟವರಲ್ಲ. ಮೊಮ್ಮಗಳ ಓದಿಗೆ ದುಡ್ಡು ಬೇಕು, ಮನೆಯ ಮಾಡು ಸೋರುತ್ತಿದೆ. "ಸೊಳ್ಳೆ ಸಾಕೋದಕ್ಕೆ ಅಷ್ಟು ಜಾಗ ಯಾಕೆ ಇಟ್ಟುಕೊಳ್ಳಬೇಕು, ನೀನೇ ಹೇಳು" ಅಂತ ನನ್ನನ್ನೇ ಕೇಳಿದರು. ಅಕ್ಕ ಒಲೆ ಮುಂದಿನಿಂದಲೇ, "ಬಳಚು ಎಲ್ಲಿಂದ ಬರ್ತದೆ ಮತ್ತೆ?" ಅಂದಳು. ಭಾವ ನಕ್ಕುಬಿಟ್ಟರು. "ಬಳಚು ಇರೋದು ಹೊಳೆಯ ಕೆಸರಿನಲ್ಲಿ. ಹಿತ್ತಲ ಕಾಂಡ್ಲಕ್ಕೂ ಅದಕ್ಕೂ ಎಂತ ಸಂಬಂಧ?"

ಅಕ್ಕನಿಗೆ ಉತ್ತರ ಹೊಳೆಯಲಿಲ್ಲ. ನನಗೂ ಇಲ್ಲ. ನೆರೆಮನೆಯ ದೊಡ್ಡಮ್ಮನನ್ನು ಕೇಳೋಣ ಅಂದುಕೊಂಡೆವು.

ಈ ದೊಡ್ಡಮ್ಮನಿಗೆ ಎಪ್ಪತ್ತು ದಾಟಿದೆ. ಮದುವೆಯಾಗಿ ಬಂದಾಗಿನಿಂದ ಬಳಚು ಹೆಕ್ಕಿ, ಬೇಯಿಸಿ, ಬುಟ್ಟಿ ಹೊತ್ತು ಮಾರಿ ಮೂರು ಮಕ್ಕಳನ್ನು ಬೆಳೆಸಿದಾಕೆ. ಕ್ಯಾಲೆಂಡರ್ ನೋಡೋದು ತಾರೀಖಿಗಲ್ಲ, ತಿಥಿಗೆ. ಅಮಾವಾಸ್ಯೆ ಹುಣ್ಣಿಮೆಯ ಸುತ್ತ ಮುತ್ತ ನೀರು ಹೆಚ್ಚು ಏರುತ್ತದೆ, ಹಾಗೇ ಹೆಚ್ಚು ಇಳಿಯುತ್ತದೆ. ಅಷ್ಟಮಿ ಹೊತ್ತಿಗೆ ಏರೋದೂ ಕಡಿಮೆ, ಇಳಿಯೋದೂ ಕಡಿಮೆ. ದಿನಕ್ಕೆ ಎರಡು ಭರತ, ಎರಡು ಇಳಿತ. ಪ್ರತಿ ದಿನ ಮುಕ್ಕಾಲು ಗಂಟೆಗಿಂತ ಸ್ವಲ್ಪ ಹೆಚ್ಚು ತಡವಾಗುತ್ತಾ ಹೋಗುತ್ತದೆ. "ಅಮಾವಾಸ್ಯೆ ಮಾರನೇ ದಿನ ಬೆಳಗಾಗೋ ಮುಂಚೆ ಬಾ, ತೋರಿಸ್ತೆ" ಅಂದಳು.

ಹೋದೆವು. ಅಕ್ಕ, ಅಕ್ಕನ ಸೊಸೆ, ನಾನು, ಮುಂದೆ ದೊಡ್ಡಮ್ಮ. ಟಾರ್ಚು ಬೆಳಕಿನಲ್ಲಿ ಗಜನಿ ಅಂಚು ಇಳಿದು ಕಾಂಡ್ಲದೊಳಗೆ ಕಾಲಿಟ್ಟದ್ದೇ ತಡ, ಮೊಣಕಾಲವರೆಗೆ ಕೆಸರು! ಬೀಳದೆ ಇರಲಿ ಅಂತ ಪಕ್ಕದ ಬೇರು ಹಿಡಿದೆ. ಅಂಗೈ ಸರ್‍ರಂತ ಕೊಯ್ದುಹೋಯಿತು. "ಅದನ್ನು ಹಿಡೀಬೇಡ ಮಾರಾಯ್ತಿ, ಅದು ಬೇರಲ್ಲ, ಚಿಪ್ಪು!" ಅಂತ ದೊಡ್ಡಮ್ಮ ಕೂಗಿದ್ದು ಆಮೇಲೆ. ಟಾರ್ಚು ಹಿಡಿದು ನೋಡಿದರೆ ಬೇರಿನ ಸುತ್ತ ಸಿಂಪಿಗಳು ಒಂದರ ಮೇಲೊಂದು ಸಿಮೆಂಟು ಹಾಕಿದ ಹಾಗೆ ಅಂಟಿಕೊಂಡಿವೆ, ಅಂಚು ಬ್ಲೇಡಿನಂತೆ. ನನ್ನ ರಕ್ತ ಕೊಟ್ಟು ಕಲಿತ ಮೊದಲ ಪಾಠ ಅದು. ಸಿಂಪಿ ಬೇರಿನ ಬುಡದಿಂದ ಸೊಂಟದೆತ್ತರದವರೆಗೆ ಮಾತ್ರ ಇತ್ತು, ಮೇಲಕ್ಕೆ ಒಂದೂ ಇಲ್ಲ. ಗೆರೆ ಎಳೆದ ಹಾಗೆ ಅಲ್ಲಿಗೆ ನಿಂತಿತ್ತು.

ಯಾಕೆ ಅಂತ ಕೇಳಿದೆ. "ಅದಕ್ಕೆ ಅಷ್ಟೇ ಹೊತ್ತು ನೀರು ಸಿಕ್ಕೋದು" ಅಂದಳು ದೊಡ್ಡಮ್ಮ. ಈ ಒಂದು ಮಾತಿನಲ್ಲಿ ಇಡೀ ವಿದ್ಯೆ ಇದೆ ಅಂತ ಆಮೇಲೆ ಊರಿಗೆ ಬಂದು ಪುಸ್ತಕ ತಿರುವಿದಾಗ ಗೊತ್ತಾಯಿತು.

ಸಿಂಪಿ ಬಾಯಿ ತೆರೆದು ತಿನ್ನೋದು ನೀರಿನಲ್ಲಿ ಮುಳುಗಿದಾಗ ಮಾತ್ರ. ನೀರನ್ನು ಒಳಗೆ ಎಳೆದುಕೊಂಡು, ನಾವು ಕಾಫಿ ಸೋಸುವ ಹಾಗೆ ಸೋಸಿ, ಅದರಲ್ಲಿರುವ ಕಣ್ಣಿಗೆ ಕಾಣದ ಪಾಚಿಯನ್ನೂ ಕೊಳೆತ ಎಲೆಯ ಪುಡಿಯನ್ನೂ ಉಳಿಸಿಕೊಂಡು, ನೀರನ್ನು ಹೊರಗೆ ಬಿಡುತ್ತದೆ. ದಿನದಲ್ಲಿ ಬಹಳ ಹೊತ್ತು ಒಣಗಿ ನಿಲ್ಲುವ ಎತ್ತರದಲ್ಲಿ ಅದಕ್ಕೆ ಹೊಟ್ಟೆ ತುಂಬೋದಿಲ್ಲ, ಬಿಸಿಲಿಗೆ ಬೆಂದೂ ಹೋಗುತ್ತದೆ. ಅದಕ್ಕೇ ಆ ಗೆರೆ. ಬಳಚೂ ಹೀಗೇ ಸೋಸಿ ತಿನ್ನುವ ಜಾತಿ. ಆದ್ದರಿಂದ ಎರಡು ಚಿಪ್ಪಿನವು ಹೆಚ್ಚಾಗಿ ಕೆಳಗಿನ ಮೆಟ್ಟಿಲಲ್ಲಿ, ನೀರು ಹೆಚ್ಚು ಹೊತ್ತು ನಿಲ್ಲುವ ಕಡೆ. ಕಾಂಡ್ಲದೊಳಗಿನ ಕೆಸರಿನಲ್ಲಿ ನಡೆದಾಡೋದು ಹೆಚ್ಚಾಗಿ ಶಂಖದಂಥ ಒಂಟಿ ಚಿಪ್ಪಿನವು. ಅವಕ್ಕೆ ಕಾಲಿದೆ, ಹಸಿವಾದರೆ ಎದ್ದು ಹೋಗಬಹುದು.

ಇವೆಲ್ಲ ಒಂದೇ ದೊಡ್ಡ ಮನೆತನ ಅಂತ ನೆನಪಿಡಿ. ಮೃದ್ವಂಗಿ ಅಂತ ಹೆಸರು, ಅಂದರೆ ಎಲುಬಿಲ್ಲದ ಮೆತ್ತನೆ ಮೈ. ನಮ್ಮ ತೋಟದ ಬಸವನಹುಳು, ಸಿಂಪಿ, ಬಳಚು, ಮೀನು ಪೇಟೆಯ ಬೊಂಡಾಸ, ಎಲ್ಲ ದಾಯಾದಿಗಳು.

ಬೆಳಕು ಹರಿಯಿತು. ದೊಡ್ಡಮ್ಮ ನಮ್ಮನ್ನು ಮೇಲಿನಿಂದ ಕೆಳಕ್ಕೆ ಮೆಟ್ಟಿಲು ಇಳಿಸಿದ ಹಾಗೆ ಇಳಿಸಿದಳು. ಕಣ್ಣಿಗೆ ಮೆಟ್ಟಿಲು ಕಾಣೋದಿಲ್ಲ, ಎಲ್ಲ ಒಂದೇ ಕೆಸರು. ಮೇಲಿನ ಅಂಚಿಗೂ ಕೆಳಗಿನ ನೀರಿಗೂ ಎತ್ತರದ ವ್ಯತ್ಯಾಸ ಎರಡಾಳು ಕೂಡ ಇರಲಿಕ್ಕಿಲ್ಲ. ಆದರೆ ಅಷ್ಟರಲ್ಲೇ ಬೇರೆ ಬೇರೆ ಓಣಿ, ಬೇರೆ ಬೇರೆ ಸಂಸಾರ!

ಎಲ್ಲಕ್ಕಿಂತ ಮೇಲೆ, ಮರದ ಮೇಲೆಯೇ ಒಂದು. ಎಲೆಯ ಅಡಿಗೆ, ಕಾಂಡದ ಮೇಲೆ, ಕಿರುಬೆರಳಿನ ತುದಿಯಷ್ಟು ಶಂಖ. ಲಿಟೋರೇರಿಯಾ ಅಂತ ಪುಸ್ತಕದ ಹೆಸರು. ಸಮುದ್ರದ ಜೀವಿ, ಆದರೆ ನೀರಿನಲ್ಲಿ ಮುಳುಗಿ ಇರೋದು ಅದಕ್ಕೆ ಇಷ್ಟವಿಲ್ಲ. ನೀರು ಏರಿದಂತೆ ಮೇಲಕ್ಕೆ ಹತ್ತುತ್ತದೆ, ಇಳಿದಂತೆ ಇಳಿಯುತ್ತದೆ. ಬಿಸಿಲು ಜೋರಾದರೆ ಚಿಪ್ಪಿನ ಬಾಯಿಗೆ ಮುಚ್ಚಳ ಹಾಕಿ, ಅಂಟಿನಿಂದ ಎಲೆಗೆ ಮೆತ್ತಿಕೊಂಡು ಕೂರುತ್ತದೆ. ಇವುಗಳಲ್ಲಿ ಕೆಲವು ಜಾತಿಯ ತಾಯಂದಿರು ಮೊಟ್ಟೆಯನ್ನು ನೀರಿಗೆ ಬಿಡದೆ, ಈಜುವ ಮರಿ ಆಗುವವರೆಗೂ ಮೈಯೊಳಗೇ ಇಟ್ಟುಕೊಂಡು, ಆಮೇಲೆ ನೀರಿಗೆ ಬಿಡುತ್ತವಂತೆ. ಓದಿದಾಗ ನನಗೆ ನಗುವೂ ಬಂತು, ಏನೋ ಒಂಥರಾ ಪ್ರೀತಿಯೂ ಬಂತು.

ಅದರ ಕೆಳಗೆ, ಗಜನಿ ಅಂಚಿಗೆ ಹತ್ತಿರದ ಕೆಸರು. ಇಲ್ಲಿಗೆ ನೀರು ಬರೋದು ದೊಡ್ಡ ಭರತಕ್ಕೆ ಮಾತ್ರ. ಭಾವನ ದಲಾಲಿ ಕಣ್ಣು ಹಾಕಿದ್ದು ಇದೇ ಪಟ್ಟಿಯ ಮೇಲೆ. ಉದುರಿದ ಎಲೆ ಸರಿಸಿದರೆ ಕಾಫಿ ಬೀಜದಂಥ ಕಂದು ಶಂಖಗಳು. ಕಿವಿರು ಬಿಟ್ಟು, ನಮ್ಮ ಹಾಗೆ ಗಾಳಿ ಉಸಿರಾಡುವಂಥವು. ಇನ್ನೊಂದು ಕಡೆ ದೊಡ್ಡಮ್ಮ ಕೈ ಹಾಕಿ ಮುಷ್ಟಿಗಿಂತ ಸ್ವಲ್ಪ ಸಣ್ಣದಾದ, ಕಪ್ಪು ಸಿಪ್ಪೆಯ, ಭಾರದ ಚಿಪ್ಪೊಂದನ್ನು ತೆಗೆದಳು. ನೋಡೋಕೆ ದೊಡ್ಡ ಬಳಚಿನ ಹಾಗೇ ಇದೆ. ಎರಡು ಚಿಪ್ಪಿನವು ಕೆಳಗೆ ಅಂತ ಈಗ ತಾನೇ ಹೇಳಿದೆನಲ್ಲ, ಇದೊಂದು ಆ ಮಾತಿಗೆ ತಪ್ಪಿದ್ದು. ಜೆಲೋಯಿನಾ ಅಂತ ಹೆಸರು. ನೀರು ಸಿಗದೆ ದಿನಗಟ್ಟಲೆ ಬದುಕಿರಬಲ್ಲದು. ಬಾಯಿ ಬಿಗಿದುಕೊಂಡು ಮುಂದಿನ ಹುಣ್ಣಿಮೆ ಬರಲಿ ಅಂತ ಕಾದು ಕೂರುವ ಜೀವ.

ಇನ್ನೂ ಇಳಿದರೆ, ಮರಗಳ ನಡುವೆ, ಕೈಯುದ್ದದ ಕಪ್ಪು ಗೋಪುರದಂಥ ಶಂಖಗಳು ಕೆಸರು ತಿನ್ನುತ್ತಾ ಗೆರೆ ಎಳೆದುಕೊಂಡು ಹೋಗುತ್ತಿದ್ದವು. ಕೈಯುದ್ದ ಅಂದದ್ದು ಹೆಚ್ಚಾಯಿತೇನೋ, ಬೆರಳುದ್ದ ಅನ್ನಿ, ಆದರೆ ದಪ್ಪ. ಕೆಸರಿನ ಮೇಲ್ಮೈಯಲ್ಲಿರುವ ಕೊಳೆತ ಎಲೆ, ಪಾಚಿ, ಇದೇ ಅವುಗಳ ಊಟ. ಮರ ಮುಗಿದು ಬಯಲು ಕೆಸರು ಶುರುವಾಗುವ ಕಡೆ ಇವುಗಳದೇ ಸಣ್ಣ ತಂಗಿಯರು, ಮೊಳೆಯಷ್ಟು ಉದ್ದದವು. ಎಷ್ಟು ಅಂತ ಹೇಳಲಿ! ಒಂದು ಚಾಪೆ ಹಾಸುವಷ್ಟು ಜಾಗದಲ್ಲಿ ನೂರಾರು. ಕಾಲಿಡಲು ಜಾಗವಿಲ್ಲ. ಮೇಲಿನ ಓಣಿಯಲ್ಲಿ ಜಾತಿ ನಾಲ್ಕಾರು, ತಲೆಗಳು ಕಡಿಮೆ. ಇಲ್ಲಿ ಒಂದೇ ಜಾತಿ ಜಾತ್ರೆ ಕಟ್ಟಿದೆ.

ಬಿದ್ದು ಕೊಳೆಯುತ್ತಿದ್ದ ಒಂದು ಕೊರಡನ್ನು ದೊಡ್ಡಮ್ಮ ಕತ್ತಿಯಿಂದ ಸೀಳಿದಳು. ಒಳಗೆ ಬೆರಳು ಹೋಗುವಂಥ ತೂತುಗಳು, ತೂತಿನಲ್ಲಿ ಬಿಳಿ ಹುಳು. ಸೊಸೆ "ಅಯ್ಯಪ್ಪಾ!" ಅಂತ ಹಿಂದೆ ಸರಿದಳು. ಆದರೆ ಅದು ಹುಳುವಲ್ಲ, ಅದೂ ಬಳಚಿನ ದಾಯಾದಿಯೇ. ತಲೆಯ ಕಡೆ ಪುಟ್ಟ ಎರಡು ಚಿಪ್ಪು, ಅದರಿಂದ ಮರ ಕೊರೆಯುತ್ತದೆ. ಮರದ ದೋಣಿಗಳಿಗೆ ಶತ್ರು. ಅದಕ್ಕೇ ನಮ್ಮ ಕಡೆ ದೋಣಿಗೆ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುತ್ತಿದ್ದದ್ದು. ಕಾಂಡ್ಲದಲ್ಲಿ ಮಾತ್ರ ಇದು ಉಪಕಾರಿ, ಬಿದ್ದ ಮರವನ್ನು ಪುಡಿ ಮಾಡಿ ಕೆಸರಿಗೆ ಸೇರಿಸುವ ಕೆಲಸ ಇದರದ್ದು.

ಕೊನೆಗೆ ಬಂತು ಬಳಚಿನ ಓಣಿ. ನೀರು ಪೂರಾ ಇಳಿದಾಗ ಮಾತ್ರ ತೆರೆದುಕೊಳ್ಳುವ, ಮರಳು ಬೆರೆತ ಕೆಸರು. ಮೇಲೆ ಏನೂ ಕಾಣೋದಿಲ್ಲ, ಕೀಲಿ ತೂತಿನಂಥ ಸಣ್ಣ ಗುರುತು ಬಿಟ್ಟರೆ. ಬಳಚು ಒಳಗೆ ಹುದುಗಿ ಕೂತು ಎರಡು ಕೊಳವೆ ಮೇಲಕ್ಕೆ ಚಾಚಿರುತ್ತದೆ, ಒಂದರಲ್ಲಿ ನೀರು ಒಳಗೆ, ಇನ್ನೊಂದರಲ್ಲಿ ಹೊರಗೆ. ದೊಡ್ಡಮ್ಮ ಪಾದದಿಂದಲೇ ತಡವಿ ತೆಗೆದುಬಿಡುತ್ತಿದ್ದಳು. ಬಳಚಿನಲ್ಲೂ ಒಂದೇ ಜಾತಿಯಲ್ಲ. ಸಮುದ್ರದ ಬಾಯಿಗೆ ಹತ್ತಿರ, ಉಪ್ಪು ಹೆಚ್ಚಿರುವ ಕಡೆ ಮೈಮೇಲೆ ಗೆರೆ ಗೆರೆ ಇರುವುದು; ಸ್ವಲ್ಪ ಒಳಗೆ ನುಣುಪು ಚಿಪ್ಪಿನದು; ಇನ್ನೂ ಮೇಲೆ, ಸಿಹಿನೀರು ಬೆರೆಯುವ ಕಡೆ ಕಪ್ಪನೆಯದು. ಅಂದರೆ ದಂಡೆಯಿಂದ ನೀರಿಗೆ ಒಂದು ಲೆಕ್ಕ, ಸಮುದ್ರದಿಂದ ಘಟ್ಟದ ಕಡೆಗೆ ಇನ್ನೊಂದು ಲೆಕ್ಕ.

ಈಗ ಭಾವನ ಪ್ರಶ್ನೆ. ಹಿತ್ತಲ ಕಾಂಡ್ಲಕ್ಕೂ ಬಳಚಿಗೂ ಎಂತ ಸಂಬಂಧ?

ದೊಡ್ಡಮ್ಮ ಹೇಳಿದ್ದು ಇಷ್ಟೇ. "ಕಾಂಡ್ಲ ಕಡಿದ ಕಡೆ ಕೆಸರು ಕೂರೂದಿಲ್ಲ ತಂಗೀ, ದಂಡೆ ಕುಸೀತದೆ." ಬೇರುಗಳ ಜಾಲ ನೀರಿನ ಓಟವನ್ನು ನಿಧಾನ ಮಾಡಿ ಹೂಳನ್ನು ಹಿಡಿದುಕೊಳ್ಳುತ್ತದೆ. ಉದುರಿದ ಎಲೆಯನ್ನು ಏಡಿಗಳು, ಶಂಖಗಳು ತಿಂದು ಪುಡಿ ಮಾಡುತ್ತವೆ, ಇಳಿತದ ನೀರು ಆ ಪುಡಿಯನ್ನು ಕೆಳಗೆ ಒಯ್ಯುತ್ತದೆ. ಕೆಳಗಿನವರ ಊಟದಲ್ಲಿ ಅದಕ್ಕೂ ಪಾಲಿದೆ. ಇದಾಯಿತು ಒಂದು. ಇನ್ನೊಂದು ನನಗೆ ಹೆಚ್ಚು ಮನಸ್ಸಿಗೆ ಹತ್ತಿದ್ದು. ಒಡ್ಡು ಹಾಕಿ ಮೇಲಿನ ಪಟ್ಟಿ ಮುಚ್ಚಿದರೆ ಅಲ್ಲಿಯವರು ಎಲ್ಲಿಗೆ ಹೋಗಬೇಕು? ಆ ಕಪ್ಪು ಚಿಪ್ಪಿನವಳು ಕೆಳಗಿಳಿದು ಬಳಚಿನ ಓಣಿಯಲ್ಲಿ ಬಾಡಿಗೆ ಮನೆ ಹಿಡಿಯೋಕೆ ಆಗೋದಿಲ್ಲ. ಒಬ್ಬೊಬ್ಬರು ಒಂದೊಂದು ಮೆಟ್ಟಿಲಿಗೆ ಹೊಂದಿಕೊಂಡವರು. ಮೆಟ್ಟಿಲು ತೆಗೆದರೆ ಆ ಮನೆತನವೇ ಹೋಯಿತು.

ನನಗೆ ಇದು ಪುಸ್ತಕದ ಮಾತಲ್ಲ. ನನ್ನ ತವರು ಹೊನ್ನಾವರದ ಕಡೆ, ಶರಾವತಿ ದಂಡೆ. ನನ್ನ ಅಮ್ಮ ಹುಡುಗಿಯಾಗಿದ್ದಾಗ ಹಿತ್ತಲಲ್ಲೇ ಬುಟ್ಟಿಗಟ್ಟಲೆ ಬಳಚು ತೆಗೆಯುತ್ತಿದ್ದಳಂತೆ. ಲಿಂಗನಮಕ್ಕಿ ಅಣೆಕಟ್ಟು ಆದದ್ದು 1964ರಲ್ಲಿ. ವಿದ್ಯುತ್ ತಯಾರಾಗಬೇಕಾದರೆ ನೀರು ವರ್ಷವಿಡೀ ಹರಿಯಬೇಕು. ಆಮೇಲೆ ಗೇರುಸೊಪ್ಪೆಯಲ್ಲೂ ಅಣೆಕಟ್ಟು ಬಂತು. ಮುಂಚೆ ಬೇಸಿಗೆಯಲ್ಲಿ ಹೊಳೆ ಸೊರಗಿದಾಗ ಸಮುದ್ರದ ಉಪ್ಪುನೀರು ಒಳಗೆ ಬಹುದೂರ ಬರುತ್ತಿತ್ತು. ಈಗ ಬೇಸಿಗೆಯಲ್ಲೂ ಸಿಹಿನೀರು ಇಳಿದು ಬರುತ್ತಿರುವುದರಿಂದ ಉಪ್ಪಿಗೆ ಒಳಗೆ ದಾರಿಯಿಲ್ಲ. ಉಪ್ಪು ಬೇಕಾದ ಬಳಚಿಗೆ ಅಲ್ಲಿ ಬಾಳಲಾಗಲಿಲ್ಲ. ಯಾರೂ ಕೆಸರಿಗೆ ಕೈ ಹಾಕಿರಲಿಲ್ಲ, ಯಾರೂ ಕೆಟ್ಟದ್ದು ಬಯಸಿರಲಿಲ್ಲ. ನನ್ನ ಮನೆಯ ಮಿಕ್ಸಿ ತಿರುಗೋದೂ ಅಂಥ ವಿದ್ಯುತ್ತಿನಿಂದಲೇ. ಆದರೆ ನನ್ನ ಅಮ್ಮ ಕೊನೆಗಾಲದಲ್ಲಿ ಬಳಚು ತಿನ್ನಬೇಕು ಅಂದಾಗ ಅದು ಬಂದದ್ದು ಅಕ್ಕನ ಊರಿನಿಂದ, ಬಸ್ಸಿನಲ್ಲಿ, ಸ್ಟೀಲ್ ಡಬ್ಬಿಯಲ್ಲಿ.

ಅಘನಾಶಿನಿಗೆ ಅಣೆಕಟ್ಟಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 2008ರ ಸುಮಾರಿಗೆ ಲೆಕ್ಕ ಹಾಕಿದಾಗ ಈ ಒಂದು ಅಳಿವೆಯಿಂದ ವರ್ಷಕ್ಕೆ 20,000 ಟನ್ನಿಗೂ ಹೆಚ್ಚು ಚಿಪ್ಪು ಸಿಗುತ್ತಿತ್ತು, 2,000ಕ್ಕೂ ಹೆಚ್ಚು ಜನ ಅದರ ಮೇಲೆ ಕೂಲಿ ಕಾಣುತ್ತಿದ್ದರು. ಅದರಲ್ಲಿ ಹೆಂಗಸರೂ ಬೇಕಾದಷ್ಟು. 2024ರ ಜನವರಿ ಕೊನೆಗೆ ಸುಮಾರು 4,800 ಹೆಕ್ಟೇರಿನ ಈ ಅಳಿವೆ ರಾಮ್ಸಾರ್ ಪಟ್ಟಿಗೆ ಸೇರಿತು, ಅಂದರೆ ಜಗತ್ತೇ ಗುರುತಿಸಿದ ಜೌಗು ನೆಲ. ದೊಡ್ಡಮ್ಮನಿಗೆ ಈ ಸುದ್ದಿ ಹೇಳಿದೆ. "ಹೌದೇ? ಬಳಚಿನ ರೇಟು ಏರ್ತದಾ?" ಅಂತ ಕೇಳಿದಳು.

ಮನೆಗೆ ಬಂದು ಕಾಲು ತೊಳೆಯುವ ಹೊತ್ತಿಗೆ ಬುಟ್ಟಿಯಲ್ಲಿ ಎರಡು ಸೇರು ಬಳಚು. ಸಣ್ಣವನ್ನೆಲ್ಲ ದೊಡ್ಡಮ್ಮ ಅಲ್ಲೇ ಕೆಸರಿಗೆ ವಾಪಸು ಒತ್ತಿದ್ದಳು. ಅಕ್ಕ ಮಾಡಿದ ಸುಕ್ಕ ಹೇಳಿಬಿಡುತ್ತೇನೆ, ಮಾಡುವವರು ಬರೆದುಕೊಳ್ಳಿ.

ಬಳಚನ್ನು ಉಪ್ಪು ಹಾಕಿದ ನೀರಿನಲ್ಲಿ, ಸಮುದ್ರದ ನೀರಿನಷ್ಟೇ ಉಪ್ಪಿರಲಿ, ಎರಡು ಮೂರು ಗಂಟೆ ಬಿಡಿ. ಹೊಟ್ಟೆಯ ಮರಳು ಉಗುಳುತ್ತದೆ. ಸಿಹಿನೀರಿಗೆ ಹಾಕಿದರೆ ಬಾಯಿ ಮುಚ್ಚಿಕೊಂಡು ಕೂರುತ್ತದೆ, ಮರಳು ನಿಮ್ಮ ಹಲ್ಲಿಗೆ. ಬೇಯಿಸುವ ಮೊದಲೇ ಬಾಯಿ ತೆರೆದು, ತಟ್ಟಿದರೂ ಮುಚ್ಚದೆ ಇರುವುದು ಸತ್ತದ್ದು, ಬಿಸಾಕಿ. ಬೆಂದ ಮೇಲೂ ಬಾಯಿ ಬಿಡದ್ದನ್ನೂ ಬಿಸಾಕಿ. ಸ್ವಲ್ಪವೇ ನೀರಿನಲ್ಲಿ ಮುಚ್ಚಿ ಕುದಿಸಿ, ಬಾಯಿ ಬಿಟ್ಟ ಮೇಲೆ ಒಂದು ಚಿಪ್ಪು ಮುರಿದು ಮಾಂಸವಿರುವ ಚಿಪ್ಪು ಇಟ್ಟುಕೊಳ್ಳಿ. ಬ್ಯಾಡಗಿ ಮೆಣಸು, ಕೊತ್ತಂಬರಿ, ಚೂರು ಜೀರಿಗೆ, ನಾಲ್ಕು ಬೆಳ್ಳುಳ್ಳಿ ಹುರಿದು ಅರಿಶಿನದೊಂದಿಗೆ ಅರೆದು, ಒಗ್ಗರಣೆಯ ಈರುಳ್ಳಿಗೆ ಹಾಕಿ, ಹುಳಿಗೆ ಎರಡು ಮುರುಗಲು ಸಿಪ್ಪೆ. ಬಳಚು ಬೇಯಿಸಿದ ನೀರನ್ನು ಬಟ್ಟೆಯಲ್ಲಿ ಸೋಸಿ ಸೇರಿಸಿ, ರುಚಿಯೆಲ್ಲ ಅದರಲ್ಲೇ. ಉಪ್ಪು ನೋಡಿ ಹಾಕಿ, ಅದರಲ್ಲೇ ಇರುತ್ತದೆ. ಕೊನೆಗೆ ಧಾರಾಳ ಕಾಯಿತುರಿ ಹಾಕಿ ಒಣಗಿಸಿ. ಅಯ್ಯೋ, ನಾಲ್ಕು ಸಾಲು ಅಂದಿದ್ದೆ, ಹತ್ತಾಯಿತು!

ಒಂದು ಎಚ್ಚರ. ಬಳಚು ಸೋಸಿ ತಿನ್ನುವ ಜೀವ, ನೀರಿನಲ್ಲಿರುವ ಕೊಳಕೂ ಅದರ ಹೊಟ್ಟೆಯಲ್ಲೇ ಉಳಿಯುತ್ತದೆ. ಪೇಟೆಯ ಚರಂಡಿ ಬಂದು ಬೀಳುವ ಕಡೆ ತೆಗೆದದ್ದು ಬೇಡವೇ ಬೇಡ. ಚಿಪ್ಪಿನ ಪದಾರ್ಥ ಕೆಲವರ ಮೈಗೆ ಆಗೋದಿಲ್ಲ, ಮಕ್ಕಳಿಗೆ ಮೊದಲ ಸಲ ಕೊಡುವಾಗ ಸ್ವಲ್ಪವೇ ಕೊಟ್ಟು ನೋಡಿ.

ಊಟಕ್ಕೆ ಕೂತಾಗ ಭಾವ ಮೂರು ಸಲ ಬಡಿಸಿಕೊಂಡರು. ಅಕ್ಕ ಏನೂ ಅನ್ನಲಿಲ್ಲ. ಸೊಸೆಯೇ ಮೆಲ್ಲಗೆ ತೆಗೆದಳು, ಕಾಂಡ್ಲ ಇರುವ ಜಾಗ ಕರಾವಳಿ ನಿಯಂತ್ರಣ ವಲಯದ ಅತಿ ಕಟ್ಟುನಿಟ್ಟಿನ ಭಾಗಕ್ಕೆ ಸೇರುತ್ತದಂತೆ, ಕಡಿಯೋದೂ ತುಂಬಿಸೋದೂ ಕಾನೂನಿಗೆ ವಿರುದ್ಧವಂತೆ ಮಾವ, ಅಂತ. ಆಕೆ ಕಾಲೇಜು ಓದಿದವಳು. ಭಾವನ ಮುಖ ಬಿಗಿಯಿತು. "ಹಾಗಾದ್ರೆ ದಲಾಲಿ ಯಾಕೆ ಹೇಳಲಿಲ್ಲ?" ಅಂದರು. ಯಾರು ಉತ್ತರ ಕೊಡಬೇಕು ಅದಕ್ಕೆ!

ಮೊನ್ನೆ ಅಕ್ಕ ಫೋನ್ ಮಾಡಿದ್ದಳು. ದಲಾಲಿ ಮತ್ತೆ ಬಂದಿದ್ದನಂತೆ. ಭಾವ ಅವನನ್ನು ಒಳಗೆ ಕರೆಯದೆ ಜಗುಲಿಯಲ್ಲೇ ಕೂರಿಸಿ, ಹುಣ್ಣಿಮೆ ಕಳೀಲಿ ನೋಡುವ ಅಂದು ಕಳಿಸಿದರಂತೆ. ಮಾಡು ಇನ್ನೂ ಸೋರುತ್ತಲೇ ಇದೆ. ಮಳೆಗಾಲದೊಳಗೆ ಹೆಂಚು ತಿರುವಬೇಕು, ಅದಕ್ಕೆ ಸೊಸೆ ದೊಡ್ಡಮ್ಮನ ಜೊತೆ ಬಳಚಿಗೆ ಹೋಗಲು ಶುರು ಮಾಡಿದ್ದಾಳೆ. ಮೊದಲ ವಾರ ಅವಳ ಕೈಯೂ ಬೇರಿಗೆ ಕೊಯ್ದುಹೋಯಿತಂತೆ.